ಮುಂದಿನ ಮಳೆಯವರೆಗೆ

ನನ್ನ ಗಂಡ ಮಾತಾಡುವಾಗ ಹಿಂದೆ ಗಾಳಿಯ ಸದ್ದು ಇರುತ್ತದೆ. ಚಳ್ಳಕೆರೆಯ ನಮ್ಮ ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಆ ಗಾಳಿಯೊಳಗಿಂದ ಅವರ ಮಾತನ್ನು ಹೆಕ್ಕಿ ನೋಟ್‌ಪುಸ್ತಕಕ್ಕೆ ಇಳಿಸುವುದು ಎಷ್ಟೋ ವರ್ಷ ನನ್ನ ಕೆಲಸವಾಗಿತ್ತು. ಅವರು ಸಮುದ್ರದ ಜೀವಿಗಳನ್ನು ಅಭ್ಯಾಸ ಮಾಡುವ ವಿಜ್ಞಾನಿ. ಕರಾವಳಿಯ ಒಂದು ಬಂದರಿನ ಊರಲ್ಲಿ ಇರುತ್ತಾರೆ. ಹದಿನೈದು ದಿನಕ್ಕೊಮ್ಮೆ ಒಂದು ಕನ್ನಡ ಪತ್ರಿಕೆಗೆ ಸಮುದ್ರದ ಬಗ್ಗೆ ಬರೆಯುತ್ತಾರೆ. ಬರೆಯುತ್ತಾರೆ ಎಂದರೆ ಅವರು ಹೇಳುತ್ತಾರೆ, ಬರೆಯುವವಳು ನಾನು.

ಅದು ಹಾಗಾದದ್ದಕ್ಕೆ ಕಾರಣವಿದೆ. ಸಂಪಾದಕರು ಮೊದಲ ಸಲ ಕೇಳಿದಾಗ ಇವರೇ ಎರಡು ದಿನ ಕೂತು ಬರೆದಿದ್ದರು. ಓದಿದರೆ ಸರ್ಕಾರಿ ಸುತ್ತೋಲೆಯ ಹಾಗಿತ್ತು. 'ಸದರಿ ಜೀವಿಯು' ಎಂದು ಶುರುವಾಗುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. "ಫೋನಲ್ಲಿ ನನಗೆ ಹೇಳ್ತೀರಲ್ಲ, ಹಂಗೇ ಹೇಳ್ರಿ. ನಾನು ಬರ್ಕೋತೀನಿ" ಅಂದೆ. ಚಿತ್ರದುರ್ಗದ ಕಾನ್ವೆಂಟಿನಲ್ಲಿ ಹತ್ತು ವರ್ಷ ಡಿಕ್ಟೇಷನ್ ಬರೆದ ಕೈ ನನ್ನದು. ಬೆಂಚುಗಳ ಮಧ್ಯೆ ಸದ್ದಿಲ್ಲದೆ ನಡೆಯುತ್ತಾ ಸಿಸ್ಟರ್ ಹೇಳಿದ್ದನ್ನು ಅಲ್ಪವಿರಾಮ ಕೂಡ ಬಿಡದೆ ಬರೆಯುತ್ತಿದ್ದೆ. ಓದಿ ಕೊನೆಗೆ ಉಳಿದ ವಿದ್ಯೆ ಅದೊಂದೇ ಎಂದು ತಮಾಷೆ ಮಾಡಿಕೊಳ್ಳುತ್ತಿದ್ದೆ.

ಮದುವೆಯಾದ ಹೊಸದರಲ್ಲಿ ನಾನೂ ಆ ಬಂದರಿನ ಊರಿಗೆ ಹೋಗಿದ್ದೆ. ನಾಲ್ಕು ತಿಂಗಳು ಇದ್ದೆ. ಅಷ್ಟೂ ತಿಂಗಳು ಮಳೆಗಾಲ. ಗೋಡೆಯ ಮೇಲೆ ಹಸಿರು ಪಾಚಿ, ಮಡಿಸಿಟ್ಟ ಸೀರೆಯಲ್ಲಿ ಬೂಷ್ಟು, ನನ್ನ ಎದೆಯಲ್ಲಿ ಉಬ್ಬಸ. ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದೆ. ಸಮುದ್ರವನ್ನು ಮೂರೇ ಸಲ ನೋಡಿದ್ದು, ಮೂರು ಸಲವೂ ಅವರ ಕೆಲಸ ಮುಗಿದ ಮೇಲೆ, ಸಂಜೆ, ಕೊಡೆ ಹಿಡಿದುಕೊಂಡು. "ಈ ಹವಾ ನಿಮಗೆ ಆಗಲ್ಲಮ್ಮ. ಒಣ ಊರು ಯಾವುದಾದ್ರೂ ಇದ್ರೆ ಹೋಗಿಬಿಡಿ" ಎಂದರು ಡಾಕ್ಟರು. ಒಣ ಊರು ಬೇಕಾದರೆ ನಮ್ಮೂರೇ ಇತ್ತಲ್ಲ. ಇಳಿದ ಮೂರನೇ ದಿನಕ್ಕೆ ಉಸಿರು ಸರಾಗವಾಯಿತು. ಆಗ ಅತ್ತೆ ಇದ್ದರು, ಅವರನ್ನು ನೋಡಿಕೊಳ್ಳುವುದೂ ಆಯಿತು. ಅತ್ತೆ ಹೋಗಿ ಈಗ ಕೆಲವು ವರ್ಷ. ಮುಂದೇನು ಎಂದು ನಾನೂ ಕೇಳಲಿಲ್ಲ, ಅವರೂ ಕೇಳಲಿಲ್ಲ. ವರ್ಷಕ್ಕೆ ಎರಡು ಸಲ ಬರುತ್ತಾರೆ, ನಾಲ್ಕು ನಾಲ್ಕು ದಿನ. ಅವರು ಹೋದ ಮೇಲೆ ಒಂದು ವಾರ ಟವೆಲ್ಲಿನಲ್ಲಿ ಉಪ್ಪಿನ ವಾಸನೆ ಇರುತ್ತದೆ. ಒಗೆಯುವುದನ್ನು ಮುಂದೂಡುತ್ತೇನೆ.

ಪಕ್ಕದ ಮನೆಯಾಕೆಗೆ ನನ್ನ ಗಂಡನ ಕೆಲಸ ಇವತ್ತಿಗೂ ಅರ್ಥವಾಗಿಲ್ಲ. ಕಾಂಪೌಂಡಿನ ಮೇಲೆ ಕೈಯಿಟ್ಟು ಕೇಳುತ್ತಾಳೆ.

"ಅಲ್ರೀ, ನಿಮ್ಮೋರು ಮೀನು ಹಿಡೀತಾರಾ?"

"ಇಲ್ರೀ. ನೀರಲ್ಲಿ ಹಲಗೆ ಇಳಿಬಿಡ್ತಾರೆ. ಅದಕ್ಕೆ ಪ್ರಾಣಿಗಳು ಬಂದು ಅಂಟ್ಕೊಳ್ತಾವೆ. ತಿಂಗಳಿಗೊಂದ್ಸಲ ಎತ್ತಿ ಎಣಿಸ್ತಾರೆ."

"ಎಣಿಸಿ?"

"ಮತ್ತೆ ಮುಂದಿನ ತಿಂಗಳು ಎಣಿಸ್ತಾರೆ."

ಅವಳು ನನ್ನ ಮುಖ ನೋಡಿ, "ಪಾಪ" ಅಂದಳು. ಯಾರಿಗೆ ಅಂದಳೋ. ಆಮೇಲೆ, "ಇಲ್ಲೇ ನಮ್ಮೂರ ಪಕ್ಕ ವರವು ಕಾವಲ್ ಕಡೆ ಅಷ್ಟು ದೊಡ್ಡ ದೊಡ್ಡ ವಿಜ್ಞಾನದ ಸಂಸ್ಥೆ ಬಂದಾವೆ. ಅಲ್ಲೇ ಒಂದು ಸಮುದ್ರ ತೋಡಿಸಿಕೊಡ್ರಿ ಅಂತ ಅರ್ಜಿ ಹಾಕ್ರಿ. ಗಂಡ ಹೆಂಡ್ತಿ ಒಂದು ಕಡೆ ಇರಬೋದು" ಎಂದು ನಕ್ಕಳು. ನಾನೂ ನಕ್ಕೆ.

ಹಲಗೆಗೆ ಅಂಟುವ ಪ್ರಾಣಿಗಳಲ್ಲಿ ಅವರಿಗೆ ತುಂಬಾ ಇಷ್ಟವಾದದ್ದು ಬಾರ್ನಕಲ್ ಎಂಬುದು. ನೋಡಿದರೆ ಕಲ್ಲಿನ ಮೇಲೆ ಸುಣ್ಣದ ಹುಣ್ಣು ಎದ್ದ ಹಾಗಿರುತ್ತದೆ. ಚಿಪ್ಪಿನ ಜಾತಿ ಎಂದುಕೊಂಡರೆ ಅಲ್ಲ, ಸೀಗಡಿ, ಏಡಿಗಳ ನೆಂಟ. ಮರಿಯಾಗಿದ್ದಾಗ ನೀರಿನಲ್ಲಿ ಈಜಾಡಿಕೊಂಡಿದ್ದು, ಒಂದು ದಿನ ಜಾಗ ಆರಿಸಿ ತಲೆಯನ್ನು ಬಂಡೆಗೆ ಅಂಟಿಸಿಕೊಂಡುಬಿಡುತ್ತದೆ. ಆಮೇಲೆ ಸಾಯುವವರೆಗೂ ತಲೆ ಕೆಳಗೆ, ಕಾಲು ಮೇಲೆ. ಆ ಕಾಲುಗಳನ್ನೇ ಬೀಸಿ ಬೀಸಿ ಅನ್ನ ಹಿಡಿಯುತ್ತದೆ. ಇಂಥದ್ದರ ಬಗ್ಗೆ ಅವರು ತಮ್ಮ ಹುಟ್ಟೂರು ಮೊಳಕಾಲ್ಮುರಿನ ಮಾತಿನಲ್ಲಿ ಹೇಳುವಾಗ, "ಒಂದ್ಸಲ ಕೂತ್ರೆ ಮುಗೀತು ನೋಡು, ಏಳಂಗಿಲ್ಲ. ಹಂಗಾಗಿ ಎಲ್ಲಿ ಕೂರ್ಬೇಕು ಅಂತ ಎಷ್ಟು ಓಡಾಡ್ತದೆ ಅಂತೀಯ" ಎನ್ನುತ್ತಾ ಅವರ ದನಿ ತೆಳ್ಳಗಾಗುತ್ತಿತ್ತು. ಅದರ ಗಾತ್ರವನ್ನು ನನಗೆ ಅಡುಗೆಮನೆಯ ಲೆಕ್ಕದಲ್ಲೇ ಹೇಳಬೇಕು, ಅದು ನಮ್ಮ ಒಪ್ಪಂದ. ಮರಿ ಎಂದರೆ ಸಾಸಿವೆಗಿಂತ ಸಣ್ಣದು, ಬೆಳೆದದ್ದು ಕಡಲೆಕಾಳು. ಮಿಲಿಮೀಟರು ಎಂದರೆ ನಾನು ಬರೆಯುತ್ತಿರಲಿಲ್ಲ.

ಅವರು ಮಾತಾಡಿ ಫೋನಿಗೆ ಕಳಿಸುತ್ತಿದ್ದ ರೆಕಾರ್ಡುಗಳಲ್ಲಿ ಲೇಖನಕ್ಕೆ ಬೇಡದ್ದೂ ಬಹಳ ಇರುತ್ತಿತ್ತು. ಮಧ್ಯದಲ್ಲಿ, "ತಾಳು, ದೋಣಿ ಬಂತು" ಎನ್ನುವರು. ನಾಯಿಯನ್ನು ಗದರುವರು. ಟೀ ಕುಡಿಯುವ ಸೊರ್ ಸದ್ದು ಬರುವುದು. ಒಮ್ಮೆ ಯಾವುದೋ ಹಳೆಯ ಪದ ಗುನುಗಿ, ರೆಕಾರ್ಡ್ ಆಗುತ್ತಿದೆ ಎಂದು ನೆನಪಾಗಿ ತಟ್ಟನೆ ನಿಲ್ಲಿಸಿದ್ದರು. ಅವೆಲ್ಲ ನೋಟ್‌ಪುಸ್ತಕಕ್ಕೆ ಹೋಗುತ್ತಿರಲಿಲ್ಲ. ಆದರೆ ನಾನು ಕಾಯುತ್ತಿದ್ದುದು ಅವಕ್ಕೇ. ಬೇರೆ ದಿನ ಫೋನಿನಲ್ಲಿ ನಮಗೆ ಮಾತೇ ಹುಟ್ಟುತ್ತಿರಲಿಲ್ಲ. ಊಟ ಆಯ್ತಾ, ಗ್ಯಾಸು ಬಂತಾ, ಇನ್ನೇನು, ಸರಿ ಇಡ್ಲಾ. ಹದಿನೈದು ದಿನಕ್ಕೊಮ್ಮೆ ಬರುವ ಆ ಇಪ್ಪತ್ತು ನಿಮಿಷ ನಿಂತುಹೋದರೆ ನಮ್ಮಿಬ್ಬರ ನಡುವೆ ಏನು ಉಳಿಯುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಿಂತದ್ದು ನನ್ನ ತಪ್ಪಿನಿಂದಲೇ.

ಬಾರ್ನಕಲ್ ಬಗ್ಗೆಯೇ ಲೇಖನ. ಅವರು ಹೇಳಿದ್ದರು, "ನೀರು ಇಳಿದ ಮೇಲೆ ಅದು ಚಿಪ್ಪಿನ ಬಾಗ್ಲು ಮುಚ್ಕೊಂಡು, ಒಳಗೆ ಒಂದು ಹನಿ ನೀರು ಇಟ್ಕೊಂಡು, ಮತ್ತೆ ನೀರು ಬರೋವರ್ಗೂ ಕಾಯ್ತದೆ." ಬರೆದು ಓದಿದೆ. ವಾಕ್ಯ ಯಾಕೋ ಅರ್ಧಕ್ಕೆ ನಿಂತಂತೆ ಅನಿಸಿತು. ಮತ್ತೆ ಎಂದರೆ ಯಾವಾಗ ಎಂದು ಓದುವವರು ಕೇಳುವುದಿಲ್ಲವೇ? ನಮ್ಮ ಕಡೆ ಕೆರೆಯ ನೀರು ಇಳಿಯಿತು ಎಂದರೆ ಮತ್ತೆ ಬರುವುದು ಮಳೆಗೇ, ಬಂದರೆ. ಕೈ ತನ್ನಷ್ಟಕ್ಕೆ ಬರೆಯಿತು: 'ಬಾಗಿಲು ಮುಚ್ಚಿಕೊಂಡು, ಮುಂದಿನ ಮಳೆಯಲ್ಲಿ ಮತ್ತೆ ನೀರು ಬರುವವರೆಗೆ ಕಾಯುತ್ತದೆ.' ಎಷ್ಟು ಚೆನ್ನಾಗಿದೆ ಎಂದು ನನಗೇ ಅನಿಸಿತು. ಸಮುದ್ರದಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ ಎಂದು ಭೂಗೋಳದ ಪುಸ್ತಕದಲ್ಲಿ ನಾನೂ ಓದಿದ್ದೆ. ಪರೀಕ್ಷೆಯಲ್ಲಿ ಚಿತ್ರ ಬರೆದು ಪೂರ್ತಿ ಅಂಕ ತೆಗೆದಿದ್ದೆ. ಅದು ತಲೆಗೆ ಗೊತ್ತಿತ್ತು, ಮೈಗೆ ಗೊತ್ತಿರಲಿಲ್ಲ.

ಕಳಿಸುವ ಮುಂಚೆ ಅವರಿಗೆ ಓದಿ ಹೇಳುವುದು ವಾಡಿಕೆ. ಅವತ್ತು ಅವರು ದೋಣಿಯಲ್ಲಿ ದೂರ ಹೋಗಿದ್ದರು, ಫೋನು ಸಿಗಲಿಲ್ಲ. ಪತ್ರಿಕೆಯವರು ಅವಸರ ಮಾಡಿದರು. ಕಳಿಸಿಬಿಟ್ಟೆ.

ಅಚ್ಚಾಯಿತು. ಆರು ಗಂಟೆ ನೀರಿಲ್ಲದೆ ಇರುವ ಪ್ರಾಣಿಯನ್ನು ನಾನು ತಿಂಗಳುಗಟ್ಟಲೆ ಬಂಡೆಯ ಮೇಲೆ ಒಣಗಿಸಿದ್ದೆ, ಅದೂ ಅವರ ಹೆಸರಿನ ಕೆಳಗೆ. ಮುಂದಿನ ಸಂಚಿಕೆಯಲ್ಲಿ ಕರಾವಳಿಯ ಓದುಗರೊಬ್ಬರ ಪತ್ರ ಬಂತು. ನಮ್ಮೂರಿನಲ್ಲಿ ಚಡ್ಡಿ ಹಾಕದ ಮಗುವಿಗೂ ಗೊತ್ತಿರುವ ಸಂಗತಿ ವಿಜ್ಞಾನಿಗಳಿಗೆ ತಿಳಿಯದಿರುವುದು ಸೋಜಿಗ ಎಂದು ಬರೆದಿದ್ದರು. ನನ್ನ ಗಂಡನ ಕಚೇರಿಯಲ್ಲಿ ಯಾರೋ ಅದನ್ನು ಕತ್ತರಿಸಿ ನೋಟಿಸ್ ಬೋರ್ಡಿಗೆ ಚುಚ್ಚಿದ್ದರಂತೆ. ಮಳೆ ಬಂತೇನ್ರೀ, ನಿಮ್ಮ ಬಾರ್ನಕಲ್ ಎದ್ವಾ ಎಂದು ಜೊತೆಯವರು ಕೇಳುತ್ತಿದ್ದರಂತೆ.

ಫೋನು ಮಾಡಿ ಅಳುದನಿಯಲ್ಲಿ ಹೇಳಿದೆ, "ನಂದೇ ತಪ್ಪುರೀ. ಪತ್ರಿಕೆಯವರಿಗೆ ನಾನೇ ಬರೀತೀನಿ, ಇದು ನಾನು ಸೇರಿಸಿದ್ದು ಅಂತ."

"ಬ್ಯಾಡ ಬಿಡು. ಹೆಸ್ರು ನಂದೈತಲ್ಲ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ, "ಇನ್ಮೇಲೆ ನಾನೇ ಟೈಪ್ ಮಾಡ್ಕೊಂತೀನಿ. ನಿಂಗ್ಯಾಕೆ ಸುಮ್ನೆ ತೊಂದ್ರೆ" ಅಂದರು.

ತೊಂದರೆ ಎಂಬ ಮಾತನ್ನು ನಮ್ಮ ಮನೆಯಲ್ಲಿ ಆವರೆಗೆ ಯಾರೂ ಆಡಿರಲಿಲ್ಲ.

ಅಂಕಣ ಬರುತ್ತಲೇ ಇತ್ತು. ಪತ್ರಿಕೆ ಕೊಂಡು ತಂದು ಓದುತ್ತಿದ್ದೆ. ತಪ್ಪಿಲ್ಲದ ಲೇಖನಗಳು. 'ಸದರಿ' ಮತ್ತೆ ಬಂದಿತ್ತು. ಗಾತ್ರವೆಲ್ಲ ಮಿಲಿಮೀಟರಿನಲ್ಲಿತ್ತು. ಬೆಳಗಿನ ಕೆಲಸ ಮುಗಿದ ಮೇಲೆ, ಎಣ್ಣೆ ಗಿರಣಿಯ ಕಡಲೆಬೀಜದ ಘಾಟು ಕಿಟಕಿಯಿಂದ ಬರುವ ಹೊತ್ತಿಗೆ, ಹಳೆಯ ರೆಕಾರ್ಡು ಒಂದನ್ನು ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದೆ. ನಾಯಿಯನ್ನು ಗದರುವ ಜಾಗ ಎಲ್ಲಿ ಬರುತ್ತದೆ ಎಂದು ಬಾಯಿಪಾಠವಾಗಿತ್ತು. ದಿನದ ಫೋನು ಐದು ನಿಮಿಷದಿಂದ ಎರಡು ನಿಮಿಷಕ್ಕೆ ಇಳಿಯಿತು. ಒಂದು ದಿನ ಅವರು ಮಾಡುವುದನ್ನು ಮರೆತರು. ನಾನೂ ಮರೆತವಳಂತೆ ಇದ್ದೆ.

ಆ ಬೇಸಿಗೆಯ ಕೊನೆಗೆ ಮೊಳಕಾಲ್ಮುರಿನಿಂದ ಅತ್ತಿಗೆಯ ಫೋನು ಬಂತು. ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಅಕ್ಕ ತಮ್ಮ ಹುಟ್ಟಿ ಬೆಳೆದ ಆ ಮನೆಯಲ್ಲಿ ಇನ್ನೂ ಎರಡು ಮಗ್ಗ ನಡೆಯುತ್ತವೆ. ಮಂಡಿನೋವಿಗೆ ಕೂರಲಾಗುತ್ತಿಲ್ಲ, ಸಂಡಿಗೆ ಇಡಬೇಕು, ನಾಲ್ಕು ದಿನ ಬಾ ಎಂದರು. ತಳಕು ಎಂಬ ಊರಿನ ಮೇಲೆ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೊಲಗಳಲ್ಲಿ ನೀರು ನಿಂತು ಹೊಳೆಯುತ್ತಿತ್ತು. ಮೂರು ದಿನದ ಹಿಂದೆ ಜೋರು ಮಳೆಯಾಗಿತ್ತಂತೆ.

ಅತ್ತಿಗೆಯ ಮನೆಯ ಹಿಂದೆಯೇ ದೊಡ್ಡ ಹಾಸುಬಂಡೆ. ಅದರ ಮೇಲೆ ಸಂಡಿಗೆ ಇಡುವುದು, ರೇಷ್ಮೆಯ ಎಳೆ ಹರವುವುದು, ಹರಟೆ ಎಲ್ಲ. ಬಂಡೆಯಲ್ಲಿ ಅಲ್ಲಲ್ಲಿ ಬೋಗುಣಿಯಷ್ಟು ಗುಂಡಿಗಳು. ಬೇಸಿಗೆಯಲ್ಲಿ ಅವುಗಳ ತಳದಲ್ಲಿ ಹಿಡಿಯಷ್ಟು ಒಣ ಮಣ್ಣು ಬಿಟ್ಟರೆ ಏನೂ ಇರುವುದಿಲ್ಲ. ಈಗ ತುಂಬಿದ್ದವು. ನಾಲ್ಕನೇ ದಿನ ಮೋಡ ಸರಿದು ಬಿಸಿಲು ಬಿತ್ತು. ಸೀರೆ ಹಾಸಿ ಸಂಡಿಗೆ ಇಟ್ಟು, ಕಾಗೆ ಓಡಿಸಲು ಒಂದು ಗುಂಡಿಯ ಪಕ್ಕ ಕೂತೆ. ಮಾಡಲು ಏನೂ ಇರಲಿಲ್ಲ. ನೀರು ನೋಡಿದೆ.

ನೀರಿನಲ್ಲಿ ಏನೋ ಅಲುಗುತ್ತಿತ್ತು. ಮೊದಲು ನೆರಳು ಮಾತ್ರ ಕಂಡಿತು, ಆಮೇಲೆ ಪ್ರಾಣಿ. ಗಾಜಿನಂತೆ ಪಾರದರ್ಶಕ. ಭತ್ತದ ಕಾಳಿಗಿಂತ ಚೂರು ಉದ್ದ. ಬಾಲದ ತುದಿ ಕುಂಕುಮದ ನೀರಿನಲ್ಲಿ ಅದ್ದಿದಂತೆ ಕೆಂಪು. ಇಪ್ಪತ್ತು ಮೂವತ್ತು ಇದ್ದವು, ಎಲ್ಲವೂ ಅಂಗಾತ ಈಜುತ್ತಿದ್ದವು. ಹೊಟ್ಟೆ ಮೇಲಕ್ಕೆ, ಕಾಲುಗಳು ಆಕಾಶಕ್ಕೆ. ಸಾಲು ಸಾಲು ಕಾಲುಗಳು ಗರಿಯಂತೆ ಒಂದೇ ಸಮನೆ ಬೀಸುತ್ತಿದ್ದವು. ತಲೆ ಕೆಳಗೆ ಮಾಡಿ ಕಾಲು ಬೀಸುವ ಪ್ರಾಣಿಯ ಬಗ್ಗೆ ನಾನು ಎಷ್ಟು ಸಲ ಬರೆದಿದ್ದೆ. ಅದರ ಮನೆತನದವೇ ಇರಬೇಕು ಅನಿಸಿತು. ಕಾಗೆ ಬಂದು ಎರಡು ಸಂಡಿಗೆ ಹಾರಿಸಿಕೊಂಡು ಹೋಯಿತು.

ಅತ್ತಿಗೆ ಕುಂಟುತ್ತಾ ಬಂದರು. "ಏನಮ್ಮಾ, ಕಾಗೆಗೆ ಊಟಕ್ಕೆ ಹಾಕಿದ್ಯಾ?"

"ಅತ್ತಿಗೆ, ಇವೇನ್ರೀ?"

ಬಗ್ಗಿ ನೋಡಿದರು. "ಇವಾ? ಪ್ರತಿ ಮಳೆಗೂ ಬರ್ತಾವೆ. ಬಿಸಿಲಿಗೆ ಗುಂಡಿ ಒಣಗ್ತದೆ, ಹೋಗ್ತಾವೆ. ಮತ್ತೆ ಮಳೆ ಬಂದ್ರೆ ಮತ್ತೆ ಬರ್ತಾವೆ." ಆಮೇಲೆ ಮಂಡಿ ಹಿಡಿದುಕೊಂಡು ನಿಧಾನಕ್ಕೆ ಕೂತು, "ನಿನ್ನ ಗಂಡ ಹೇಳಿಲ್ವಾ? ಚಿಕ್ಕೋನಿದ್ದಾಗ ಇಲ್ಲೇ ಬೋರಲು ಬಿದ್ದಿರೋನು. ಮಗ್ಗದೋರೆಲ್ಲ ತೆಲುಗ್ನಾಗೆ ಕೇಳೋರು, ಏಂ ಚೂಸ್ತಾವ್ ರಾ, ಅಷ್ಟೊತ್ತು ಏನ್ ನೋಡ್ತೀಯೋ ಅಂತ. ಅವ್ವ ಬಂದು ಕಿವಿ ಹಿಡ್ದು ಎಳ್ಕೊಂಡು ಹೋಗ್ಬೇಕು ಊಟಕ್ಕೆ. ಗುಂಡಿ ಒಣಗಿದ ದಿನ ಏನ್ ಅತ್ತಿದ್ದ ಅಂತೀಯ. ಮುಂದಿನ ವರ್ಷ ಮಳೆ ಬಂದಾಗ, ಅವೇ ಬಂದ್ವು, ಅವೇ ಬಂದ್ವು ಅಂತ ಮನೆ ಮನೆಗೆ ಹೇಳ್ಕೊಂಡು ಬಂದ" ಎಂದರು.

ನನ್ನ ಗಂಡ ಇದನ್ನು ಯಾವತ್ತೂ ಹೇಳಿರಲಿಲ್ಲ. ಅವರ ಮೊದಲ ಅಂಕಣವನ್ನು ಬರೆದವಳು ನಾನೇ. ಅದರಲ್ಲಿ, ಕಾಲೇಜಿನ ಪ್ರವಾಸದಲ್ಲಿ ಮೊದಲ ಬಾರಿ ಸಮುದ್ರ ಕಂಡದ್ದು, ಗೆಳೆಯರೆಲ್ಲ ಅಲೆಗೆ ಓಡಿದರೆ ತಾನು ಒಂದು ಕಲ್ಲಿನ ಮುಂದೆ ಕೂತು ಅದಕ್ಕಂಟಿದ ಜೀವಿಗಳನ್ನು ಕತ್ತಲಾಗುವವರೆಗೆ ನೋಡಿದ್ದು, ಅಲ್ಲಿಂದ ತನ್ನ ಬದುಕು ಶುರುವಾದದ್ದು ಎಂದಿತ್ತು. ಈ ಬಂಡೆಯ ಸುದ್ದಿಯೇ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಒಬ್ಬಳೇ ಬಂಡೆಗೆ ಹೋಗಿ ಫೋನು ಕೈಗೆತ್ತಿಕೊಂಡೆ. ಅಷ್ಟು ವರ್ಷದಲ್ಲಿ ನಾನು ಅವರಿಗೆ ದನಿ ಕಳಿಸಿದ್ದೇ ಇಲ್ಲ. ಅವರು ಹೇಳುವವರು, ನಾನು ಕೇಳುವವಳು. ಎರಡು ಸಲ ಶುರು ಮಾಡಿ ಅಳಿಸಿದೆ. ಮೂರನೇ ಸಲ ಕಣ್ಣು ನೀರಿನ ಮೇಲೇ ಇಟ್ಟು, ಕಂಡದ್ದನ್ನು ಕಂಡ ಹಾಗೆ ಹೇಳುತ್ತಾ ಹೋದೆ. ಗುಂಡಿ ಎಷ್ಟಗಲ, ನೀರು ಬೆರಳಿನ ಎಷ್ಟನೇ ಗೆಣ್ಣಿಗೆ ಬರುತ್ತದೆ, ಮೋಡ ಬಂದಾಗ ಎಲ್ಲವೂ ಮೇಲಕ್ಕೆ ಬರುತ್ತವೆ, ನನ್ನ ನೆರಳು ಬಿದ್ದರೆ ತಳಕ್ಕೆ ಓಡುತ್ತವೆ, ಕೆಲವಕ್ಕೆ ಹೊಟ್ಟೆಯ ಕೆಳಗೆ ಗಸಗಸೆಯಂಥ ಕಾಳುಗಳ ಒಂದು ಚೀಲ ಇದೆ. ಅತ್ತಿಗೆ ಹೇಳಿದ್ದನ್ನೂ ಹೇಳಿದೆ. ಕೊನೆಗೆ, "ನೀವೊಂದ್ಸಲ ಬಂದು ನೋಡಬೇಕಿತ್ತು. ಇನ್ನೂ ನಾಲ್ಕೈದು ದಿನ ನೀರಿರುತ್ತೆ. ಬರ್ತೀರಾ?" ಅಂದೆ. ಹನ್ನೊಂದು ನಿಮಿಷವಾಗಿತ್ತು.

ಸಂಜೆಯವರೆಗೆ ಉತ್ತರವಿಲ್ಲ. ಮಾರನೆಯ ದಿನ ಮಧ್ಯಾಹ್ನ ಫೋನೇ ಬಂತು. ಸಂಸ್ಥೆಯ ಹೊರಗೆ ನಿಂತು ಮಾಡಿದ್ದರು, ಗಾಳಿ ಜೋರಾಗಿತ್ತು.

"ಮೂರು ಸಲ ಕೇಳ್ದೆ ಕಣೇ. ಅಕ್ಕ ಹೇಳಿದ್ದು ನಿಜಾನಾ? ನಂಗೆ ಒಂಚೂರೂ ನೆನಪಿಲ್ಲ."

"ಸುಳ್ಳು ಹೇಳೋಕೆ ಅವರಿಗೇನಾಗಬೇಕು."

"ಅವು ಸೀಗಡಿ ಬಳಗದವು. ಸಮುದ್ರದಾಗೆ ಇರಲ್ಲ, ಇಂಥ ಮಳೆ ಗುಂಡಿನಾಗೇ ಇರ್ತಾವೆ. ನೀನು ಗಸಗಸೆ ಅಂದ್ಯಲ್ಲ, ಅದು ಮೊಟ್ಟೆ. ಗುಂಡಿ ಒಣಗಿದ್ರೂ ಮಣ್ಣಾಗೆ ಹಂಗೇ ಇರ್ತದೆ, ಎಷ್ಟೋ ವರ್ಷ. ಮಳೆ ಬಂದಾಗ ಬಿಚ್ಕೊಂತದೆ." ಅಷ್ಟು ಹೇಳಿ ನಕ್ಕರು. ತಿಂಗಳುಗಳ ಮೇಲೆ ಕೇಳಿದ ನಗು. "ನೀನು ಅವತ್ತು ಬರ್ದಿದ್ದು ಸುಳ್ಳಲ್ಲ ಬಿಡು. ಬ್ಯಾರೆ ಪ್ರಾಣಿದು."

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಮುಂದಿನ ಅಂಕಣ ಇದೇ" ಎಂದರು. "ಆದ್ರೆ ನಾನು ಹೇಳಿದ್ರೆ ಆಗಲ್ಲ, ನೋಡಿದೋಳು ನೀನು. ಈಗ ನಾನು ಬರ್ಕೊಂತೀನಿ. ನಿನ್ನ ಮಾತು ಒಂದೂ ಬದ್ಲಾಯ್ಸಲ್ಲ, ಭಯ ಬ್ಯಾಡ." ಮತ್ತೆ ಪ್ರಶ್ನೆಗಳು ಶುರುವಾದವು. ನೀರು ಬೆಚ್ಚಗೈತಾ, ಮಧ್ಯಾಹ್ನ ಕೈ ಇಟ್ಟು ನೋಡಿದ್ಯಾ. ಪಕ್ಕದ ಗುಂಡಿಯಾಗೂ ಅವಾವಾ. ಕೆಂಪು ಬಾಲ ಎಲ್ಲಕ್ಕೂ ಐತಾ, ಚೀಲ ಇರೋವಕ್ಕೆ ಮಾತ್ರಾನಾ. ಒಣಗಿದ ಮೇಲೆ ಆ ಮಣ್ಣು ಒಂದು ಹಿಡಿ ಕಾಗದದಾಗೆ ಕಟ್ಟಿ ಕಳಿಸ್ತೀಯಾ. ಎಲ್ಲಕ್ಕೂ ಉತ್ತರ ಹೇಳಿದೆ. ಗೊತ್ತಿಲ್ಲದ್ದಕ್ಕೆ ನೋಡಿ ಹೇಳ್ತೀನಿ ಅಂದೆ. ಬರ್ತೀರಾ ಎಂಬ ನನ್ನ ಒಂದು ಪ್ರಶ್ನೆಯ ಮಾತು ಅವರು ಎತ್ತಲಿಲ್ಲ. ನಾನೂ ಇನ್ನೊಮ್ಮೆ ಕೇಳಲಿಲ್ಲ. ಫೋನಿಡುವ ಮುಂಚೆ ಅವರಾಗಿಯೇ, "ಈ ವಾರ ಹಲಗೆ ಎತ್ತೋದೈತೆ, ನೋಡು" ಎಂದರು, ಬೇರೆ ಯಾವುದೋ ವಿಷಯ ಹೇಳುವವರ ಹಾಗೆ.

ನಾಲ್ಕು ದಿನದ ಬದಲು ಎಂಟು ದಿನ ಉಳಿದೆ. ದಿನಾ ಎರಡು ಹೊತ್ತು ಗುಂಡಿಯ ಹತ್ತಿರ ಕೂತು ನೋಡಿದ್ದನ್ನು ದನಿಯಲ್ಲಿ ಕಳಿಸಿದೆ. "ಇಬ್ರಿಗೂ ಒಂದೇ ಹುಚ್ಚು" ಎಂದು ಅತ್ತಿಗೆ ನಕ್ಕು ಕೊಡೆ ಕೊಟ್ಟರು. ಹೊರಡುವ ದಿನ ಗುಂಡಿಯಲ್ಲಿ ಉಗುರು ಮುಳುಗುವಷ್ಟು ನೀರಿತ್ತು. ಕೆಲವು ಮಗ್ಗುಲಾಗಿ ಬಿದ್ದು, ಕಾಲುಗಳನ್ನು ಮಾತ್ರ ಆಡಿಸುತ್ತಿದ್ದವು. ಅದನ್ನೂ ಹೇಳಿ ಕಳಿಸಿದೆ.

ಚಳ್ಳಕೆರೆಗೆ ಬಂದ ಐದನೇ ದಿನ ಅವರು ಬರೆದದ್ದು ಫೋನಿಗೆ ಬಂತು. ತಪ್ಪಿದ್ದರೆ ತಿದ್ದು ಎಂದಿದ್ದರು. ಟೇಬಲ್ಲಿನ ಮುಂದೆ ಕೂತು, ಒಂದು ಕಿವಿಗೆ ನನ್ನದೇ ರೆಕಾರ್ಡು ಹಾಕಿಕೊಂಡು, ಸಾಲು ಸಾಲಾಗಿ ಹೋಲಿಸಿ ನೋಡಿದೆ. ಮಾತು ಕೊಟ್ಟಂತೆಯೇ ನಡೆದಿದ್ದರು. ಭತ್ತದ ಕಾಳು ಭತ್ತದ ಕಾಳಾಗಿಯೇ ಇತ್ತು. ಗಸಗಸೆ ಇತ್ತು, ಬೆರಳಿನ ಗೆಣ್ಣು ಇತ್ತು. ಬೋರಲು ಬಿದ್ದು ನೋಡುತ್ತಿದ್ದ ಹುಡುಗ ತಾನೆಂದು ಹೇಳದೆ, ಆ ಊರಿನ ಒಬ್ಬ ಹುಡುಗ ಎಂದಿದ್ದರು. ಕಾಗೆ ಹಾರಿಸಿಕೊಂಡು ಹೋದ ಎರಡು ಸಂಡಿಗೆಯನ್ನೂ ಬಿಟ್ಟಿರಲಿಲ್ಲ. ಇಡೀ ಹನ್ನೊಂದು ನಿಮಿಷದಲ್ಲಿ ಬಿಟ್ಟದ್ದು ನಾನು ಅವರನ್ನು ಕರೆದ ಕೊನೆಯ ಮೂರು ಮಾತು ಮಾತ್ರ. ಲೇಖನದಲ್ಲಿ ಅವಕ್ಕೆ ಜಾಗವಿರಲಿಲ್ಲ, ಅದು ಸರಿಯೇ. ನಾನು ಬರೆದುಕೊಳ್ಳುವವಳಾಗಿದ್ದರೂ ಬಿಡುತ್ತಿದ್ದೆ.

ಒಂದು ಕಡೆ ಒತ್ತಕ್ಷರ ತಪ್ಪಿತ್ತು, ತಿದ್ದಿದೆ. 'ಸರಿಯಾಗಿದೆ, ಕಳಿಸಬಹುದು' ಎಂದು ಬರೆದು ಹಾಕಿದೆ. ಅರ್ಧ ಗಂಟೆ ಕಳೆದಿರಬಹುದು. ಫೋನು ಕುಂಯ್ ಎಂದಿತು. ಮುಂದಿನ ಅಂಕಣದ ದನಿ, ಇಪ್ಪತ್ತೆರಡು ನಿಮಿಷದ್ದು. ಇದನ್ನ ನೀನೇ ಬರಿ ಎಂದು ಕೆಳಗೊಂದು ಸಾಲು. ಒಲೆ ಆರಿಸಿ, ಕೈ ಒರೆಸಿಕೊಂಡು, ನೋಟ್‌ಪುಸ್ತಕ ತೆಗೆದೆ.